ಜವಾರಿ ಕಾಳು ಕೊಡುವ ಮುನ್ನ

ರೈತ ಬಾಂಧವರಿಗೆ, ಮನೆಯಲ್ಲಿ ಬೀಜ ಕಾಯ್ದಿಟ್ಟ ತಾಯಂದಿರಿಗೆ ನಮಸ್ಕಾರ. ನಿಮ್ಮ ಜವಾರಿ ಕಾಳಿನ ಮಾದರಿಯನ್ನು ಜೀನ್ ಬ್ಯಾಂಕಿಗೆ, ಅಂದರೆ ತಳಿಗಳ ಬೀಜ ಕಾಯ್ದಿಡುವ ಭಂಡಾರಕ್ಕೆ, ಏಕೆ ಮತ್ತು ಹೇಗೆ ಕೊಡಬೇಕು ಎಂದು ಹೇಳಲು ಈ ಬರಹ. ಮೊದಲು ಶೇಂಗಾದ ಒಂದು ಉದಾಹರಣೆ.

ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದು, ಅಡಿಮೈಗೆ ತುಕ್ಕು ಹತ್ತಿ ಎಲೆ ಉದುರುವುದನ್ನು ನೀವು ಬಲ್ಲಿರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿ ಈ ಎರಡೂ ರೋಗಗಳನ್ನು ತಡೆಯುತ್ತದೆ. ಆ ಶಕ್ತಿ ಬಂದದ್ದು ಬೊಲಿವಿಯಾದ ಒಂದು ಕಾಡು ಶೇಂಗಾದಿಂದ. ಅದರ ಸಂಗ್ರಹ ಸಂಖ್ಯೆ ಜಿಕೆಪಿ 10017.

ಗಿಡದ ಗುಣಗಳನ್ನು ಹೊತ್ತ ಎಳೆಗಳಿಗೆ ವರ್ಣತಂತು (ಕ್ರೋಮೋಸೋಮ್) ಎನ್ನುತ್ತಾರೆ. ಆ ಕಾಡು ಶೇಂಗಾಕ್ಕೆ 20 ವರ್ಣತಂತು, ನಾವು ಬೆಳೆಯುವುದಕ್ಕೆ 40. ಎರಡನ್ನೂ ಕೂಡಿಸಿದರೆ 30 ವರ್ಣತಂತುಗಳ ಗಿಡ ಹುಟ್ಟುತ್ತದೆ, ಅದು ಬೀಜ ಕಟ್ಟುವುದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ವಿಜ್ಞಾನಿಗಳು ಅದನ್ನು 60ಕ್ಕೆ ಇಮ್ಮಡಿಸಿ, ತಲೆಮಾರುಗಳ ಮೇಲೆ ಬೆಳೆಸಿ ಮತ್ತೆ 40ಕ್ಕೆ ಇಳಿಸಿದರು. ಅಂಥ ಬೀಜ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಗೆ ಬಂತು. ಅಲ್ಲಿನ ಐಸಿಜಿವಿ 86855 ಎಂಬ ತಳಿಸಾಲನ್ನು ಧಾರವಾಡದಲ್ಲಿ ಕೆಆರ್‌ಜಿ-1 ತಳಿಯೊಂದಿಗೆ ಕೂಡಿಸಿದಾಗ ಜಿಪಿಬಿಡಿ-4 ಹುಟ್ಟಿತು. 2021ರಲ್ಲಿ ಹಲವು ದೇಶಗಳ ಶೇಂಗಾ ತಳಿಗಳ ವಂಶವಾಹಿ ಹೋಲಿಸಿ ನೋಡಿದವರಿಗೆ ಅದೇ ಕಾಡು ಗಿಡದ ತುಣುಕುಗಳು ಕಂಡವು. ಬೀಜ ಕೈ ಬದಲಿಸುತ್ತ ಹೋದರೂ, ಮೂಲ ಕಾಡು ಗಿಡ ಸಂಗ್ರಹದಲ್ಲಿ ತನ್ನ ಸಂಖ್ಯೆಯೊಂದಿಗೆ ಉಳಿದಿತ್ತು, ಅದಕ್ಕೇ ಹೋಲಿಸಿ ಮೂಲ ಹುಡುಕಲು ಸಾಧ್ಯವಾಯಿತು.

ಈಗ ನಿಮ್ಮ ಮನೆಯ ಕಾಳಿಗೆ ಬರೋಣ. ಎರಿ ಹೊಲದ ಜವಾರಿ ಕಡಲೆ, ಮಸಾರಿಯ ಹುರುಳಿ, ಮಡಕಿ, ಅಲಸಂದಿ, ಇವುಗಳಲ್ಲಿ ಯಾವುದಕ್ಕೆ ಯಾವ ಗುಣವಿದೆಯೋ ಬೆಳೆಸಿ ಪರೀಕ್ಷಿಸದೆ ತಿಳಿಯದು. ಮಾದರಿ ಕೊಡುವುದಾದರೆ ಹೊಲದಲ್ಲೇ ಆಯ್ಕೆ ಶುರುವಾಗಬೇಕು. ಬದುವಿನ ಸಾಲು ಬಿಟ್ಟು ಹೊಲದ ತುಂಬ ಅಡ್ಡಾಡಿ, 50ರಿಂದ 100 ಗಿಡಗಳಿಂದ ಕೆಲವೇ ಕಾಯಿ ಕೀಳಿರಿ. ದಪ್ಪ ಕಾಳು, ಚಂದದ ಗಿಡ ಎಂದು ಆರಿಸಬೇಡಿ. ಬಣ್ಣದಲ್ಲಿ, ಗಾತ್ರದಲ್ಲಿ ಬೆರಕೆ ಇದ್ದರೆ ಇರಲಿ, ಜವಾರಿಯ ಸಂಪತ್ತೇ ಆ ಬೆರಕೆ. ಆರಿಸಿ ಒಂದೇ ಬಣ್ಣ ಮಾಡಿ ಕೊಟ್ಟರೆ ಅರ್ಧ ಆಸ್ತಿ ಮನೆಯಲ್ಲೇ ಉಳಿದಂತೆ.

ತೊಗರಿಯ ಲೆಕ್ಕ ಬೇರೆ. ಕಡಲೆ, ಶೇಂಗಾ ಹೆಚ್ಚಾಗಿ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ತೊಗರಿ ಹೂವಿಗೆ ಮಾತ್ರ ಜೇನ್ನೊಣ ಬೇರೆ ಹೊಲದ ಪರಾಗ ತಂದು ಹಾಕುತ್ತದೆ. ನೆರೆಹೊಲದಲ್ಲಿ ಬೇರೆ ತಳಿ ಇದ್ದರೆ, ಮೊಗ್ಗು ಅರಳುವ ಮುಂಚೆಯೇ ಗಿಡಗಳಿಗೆ ಸೊಳ್ಳೆ ಪರದೆಯಂಥ ಬಲೆ ಕಟ್ಟಿರಿ.

ಎಷ್ಟು ಕಾಳು ಬೇಕು? ಸುಮಾರು 2,000. ಅಂದರೆ ಹುರುಳಿಯಾದರೆ 60 ಗ್ರಾಂ ಆಸುಪಾಸು, ಜವಾರಿ ಕಡಲೆಯಾದರೆ ಅರ್ಧ ಕಿಲೋ ಒಳಗೆ. ನೆರಳಲ್ಲಿ ಒಣಗಿಸಿರಿ. ಮಧ್ಯಾಹ್ನದ ಬಿಸಿಲಲ್ಲಿ ಸಿಮೆಂಟ್ ಕಟ್ಟೆಯ ಮೇಲೆ ಹರಡಿದರೆ ಮೊಳಕೆ ಶಕ್ತಿ ಕುಗ್ಗುತ್ತದೆ. ಕಡಲೆ ಹಲ್ಲಿನಡಿ ಕಟ್ ಎಂದು ಒಡೆಯಬೇಕು, ಶೇಂಗಾ ಸಿಪ್ಪೆಯಲ್ಲೇ ಇದ್ದು ಅಲುಗಿಸಿದರೆ ಗಲಗಲ ಎನ್ನಬೇಕು. ಹಸಿ ಕಾಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೆವತು ಬೂಷ್ಟು ಬರುತ್ತದೆ. ಬಟ್ಟೆ ಚೀಲ ಸಾಕು.

ಕಟ್ಟುವ ಮುನ್ನ ಒಂದೊಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿರಿ. ಹೊಟ್ಟಿನ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಇದ್ದರೆ ಅದು ಕಾಳುಹುಳುವಿನ ತತ್ತಿ. ಹೊಲದಲ್ಲೇ ಕಾಯಿ ಮೇಲೆ ತತ್ತಿ ಇಡುವುದರಿಂದ ಮನೆ ಎಷ್ಟೇ ಶುಚಿಯಿದ್ದರೂ ಬರುತ್ತದೆ. ತಿಂಗಳೊಪ್ಪತ್ತಿನಲ್ಲಿ ದುಂಡನೆ ತೂತು ಕೊರೆದು ಹುಳು ಹೊರಬರುತ್ತದೆ, ಪೊಟ್ಟಣ ತಲುಪುವಷ್ಟರಲ್ಲಿ ಹಿಟ್ಟು. ಅಂಥ ಕಾಳು ಬೇರ್ಪಡಿಸಿರಿ. ಬೂದಿ, ಎಣ್ಣೆ, ಔಷಧಿ ಏನನ್ನೂ ಸವರಬೇಡಿ.

ಚೀಟಿ ಪೆನ್ಸಿಲ್ಲಿನಿಂದ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಒಂದು ಒಳಗೆ, ಒಂದು ಹೊರಗೆ. "ಜವಾರಿ ಕಡ್ಲಿ" ಎಂದಷ್ಟೇ ಬರೆದರೆ ಉಪಯೋಗವಿಲ್ಲ, ಊರಿಗೊಂದು ಜವಾರಿ ಇದೆ. ಊರು, ತಾಲ್ಲೂಕು, ಮಣ್ಣು, ಮಳೆಯಾಶ್ರಿತವೋ ನೀರಾವರಿಯೋ, ಬಿತ್ತುವ ತಿಂಗಳು, ಹೂವಿನ ಬಣ್ಣ, ಬೀಜ ಎಲ್ಲಿಂದ ಬಂತು, ಎಷ್ಟು ವರ್ಷದಿಂದ ಇದೆ, ಅಡುಗೆಗೋ ಮೇವಿಗೋ, ಇಷ್ಟೂ ಬೇಕು.

ಕೊಟ್ಟರೆ ನಮ್ಮದು ಕಳೆದುಹೋಗುತ್ತದೆಯೇ ಎಂಬ ಹೆದರಿಕೆ ನ್ಯಾಯವಾದದ್ದೇ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೆ ನಿಮ್ಮ ತಳಿಯನ್ನು ರೈತರ ತಳಿಯಾಗಿ ನೋಂದಾಯಿಸಬಹುದು. ಬೀಜ ಇಡುವ, ಬಿತ್ತುವ, ಹಂಚುವ, ಮಾರುವ ಹಕ್ಕು ನಿಮ್ಮದೇ, ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ ಅಷ್ಟೇ. ನೋಂದಣಿ ಮಾಡಿಸುವ ಮನಸ್ಸಿದ್ದರೆ ಬೀಜ ಕೊಡುವ ಮುನ್ನವೇ ಹೇಳಿರಿ.

ಮಾದರಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಅಥವಾ ಸೈದಾಪುರ, ಹುಲಕೋಟಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಒಂದು ಪಾಲು ಮನೆಯಲ್ಲಿ ಇಟ್ಟುಕೊಳ್ಳಿರಿ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿಗೆ ಸೇರಿದರೆ ಐಸಿ ಎಂದು ಶುರುವಾಗುವ ಸಂಖ್ಯೆ ಸಿಗುತ್ತದೆ. ಅದನ್ನು ಕೇಳಿ ಪಡೆದು, ಹೊಲದ ಉತಾರ ಇಡುವ ಕಡತದಲ್ಲೇ ಬರೆದಿಡಿ. ಎಂದಾದರೂ ಮಳೆ ಕೈಕೊಟ್ಟು ಮನೆಯ ಬೀಜ ಹೋದರೆ, ಆ ಸಂಖ್ಯೆ ಹೇಳಿಯೇ ನಿಮ್ಮ ಕಾಳನ್ನು ಮರಳಿ ಕೇಳಬೇಕು.