ಗಡಿಯಾರದಿಂದ ಸಿಗುವ ವಿಳಾಸ: ಉಪಗ್ರಹ ಪಥದರ್ಶನ ಮತ್ತು ನಮ್ಮ ನಾವಿಕ್

ಮಾನ್ಯರೇ,

ಬೆಂಗಳೂರಿನ ಹೊರವಲಯದ ಬ್ಯಾಲಾಳು, ಚಂದ್ರಯಾನದ ಸಂಕೇತಗಳನ್ನು ಹಿಡಿಯುವ 32 ಮೀಟರ್ ವ್ಯಾಸದ ಆಂಟೆನಾದಿಂದಾಗಿ ನಾಡಿಗೆಲ್ಲ ಪರಿಚಿತವಾದ ಹಳ್ಳಿ. ಅದೇ ಆವರಣದಲ್ಲಿ 2013ರಿಂದ ಇಸ್ರೋದ ಪಥದರ್ಶನ ಕೇಂದ್ರವೂ ಕೆಲಸ ಮಾಡುತ್ತಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಭಾರತದ ಸ್ವಂತ ಪಥದರ್ಶಕ ವ್ಯವಸ್ಥೆಯಾದ ‘ನಾವಿಕ್’ಗೆ ಬೇಕಾದ ಸಮಯವನ್ನು ಅಲ್ಲಿಯ ಪರಮಾಣು ಗಡಿಯಾರಗಳು ಕಾಯುತ್ತವೆ. ದಾರಿ ತೋರಿಸುವ ವ್ಯವಸ್ಥೆಗೆ ನಕ್ಷೆಗಿಂತ ಮೊದಲು ಗಡಿಯಾರ ಬೇಕು. ಇಂದು ನಾನು ಮುಖ್ಯವಾಗಿ ಹೇಳಬಯಸುವುದು ಅದನ್ನೇ.

ಉಪಗ್ರಹ ನಮ್ಮನ್ನು ಮೇಲಿನಿಂದ ನೋಡಿ ನಾವಿರುವ ಜಾಗವನ್ನು ಗುರುತಿಸುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಉಪಗ್ರಹಕ್ಕೆ ನಾವಿರುವುದೇ ಗೊತ್ತಿಲ್ಲ. ‘ನಾನು ಇಂಥ ಕಡೆ ಇದ್ದೇನೆ, ಈಗ ಸಮಯ ಇಷ್ಟು’ ಎಂಬುದನ್ನು ಅದು ರೇಡಿಯೋ ಅಲೆಗಳಲ್ಲಿ ಬಿಡುವಿಲ್ಲದೆ ಬಿತ್ತರಿಸುತ್ತಿರುತ್ತದೆ, ನಮ್ಮ ಕೈಯಲ್ಲಿರುವ ಮೊಬೈಲ್ ಅದನ್ನು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಡಿಯಿತೆಂದು ಅಂದಾಜಿಸುತ್ತೇವಲ್ಲ, ಇಲ್ಲಿಯ ಲೆಕ್ಕವೂ ಅದೇ ಬಗೆಯದು. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದು ಸಿಗುತ್ತದೆ.

ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು ಸಂಖ್ಯೆಗಳನ್ನು ಕಂಡುಹಿಡಿಯಲು ಮೂರು ಉಪಗ್ರಹಗಳು ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲುವುದಿಲ್ಲ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ಏರುಪೇರಾಗುತ್ತದೆ, ಮತ್ತು ಮೊಬೈಲಿನೊಳಗಿನ ಅಗ್ಗದ ಕ್ವಾರ್ಟ್ಜ್ ಗಡಿಯಾರಕ್ಕೆ ಅಷ್ಟು ನಿಖರತೆ ಇರುವುದೇ ಇಲ್ಲ. ಹಾಗಾಗಿ ಮೊಬೈಲಿನ ಗಡಿಯಾರ ಎಷ್ಟು ತಪ್ಪಿದೆ ಎಂಬುದನ್ನೇ ನಾಲ್ಕನೆಯ ಅಜ್ಞಾತವೆಂದು ಹಿಡಿದು, ನಾಲ್ಕನೆಯ ಉಪಗ್ರಹದ ಸಹಾಯದಿಂದ ಅದನ್ನೂ ಬಿಡಿಸುತ್ತಾರೆ. ಜಾಗದ ಜೊತೆಗೆ ನಿಖರವಾದ ಸಮಯವೂ ಹೀಗೆ ಪುಕ್ಕಟೆಯಾಗಿ ಸಿಗುತ್ತದೆ. ದೂರಸಂಪರ್ಕ ಜಾಲಗಳು, ವಿದ್ಯುತ್ ಗ್ರಿಡ್ಡಿನ ಮಾಪನ ಉಪಕರಣಗಳು ಈ ಸಮಯವನ್ನೇ ಅವಲಂಬಿಸಿವೆ.

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಅವುಗಳ ಗಡಿಯಾರಗಳು ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ, ವೇಗದ ಕಾರಣದಿಂದ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತವೆ. ಉಳಿಯುವ 38 ಮೈಕ್ರೋಸೆಕೆಂಡನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ 11 ಕಿಲೋಮೀಟರಿನಷ್ಟು ತಪ್ಪು ಸೇರುತ್ತ ಹೋಗುತ್ತದೆ. ಐನ್‌ಸ್ಟೈನರ ಸಾಪೇಕ್ಷತೆಯಿಂದ ದಿನನಿತ್ಯಕ್ಕೇನು ಪ್ರಯೋಜನ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈ ಲೆಕ್ಕವನ್ನೇ ಹೇಳುವುದು.

ದಾರಿಯಲ್ಲಿ ಇನ್ನೊಂದು ತೊಡಕಿದೆ. ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶವುಳ್ಳ ಕಣಗಳಿಂದ ಕೂಡಿದ ಅಯಾನುಗೋಳ ಎಂಬ ಪದರವು ಸಂಕೇತವನ್ನು ತಡಮಾಡಿಸುತ್ತದೆ. ಭೂಮಿಯ ಕಾಂತಕ್ಷೇತ್ರದ ನಡುಗೆರೆಯಾದ ಭೂಕಾಂತೀಯ ಸಮಭಾಜಕವು ಭಾರತದ ದಕ್ಷಿಣ ತುದಿಯ ಮೇಲೆಯೇ ಹಾಯುವುದರಿಂದ, ಅದರಲ್ಲೂ ಸೂರ್ಯಾಸ್ತದ ನಂತರ, ನಮ್ಮ ಭಾಗದಲ್ಲಿ ಈ ಪದರ ಬಹಳ ಕದಡುತ್ತದೆ. ಈ ತಡವು ಅಲೆಯ ಆವರ್ತನಕ್ಕೆ ತಕ್ಕಂತೆ ಬದಲಾಗುವುದರಿಂದ ಎರಡು ಆವರ್ತನಗಳನ್ನು ಹೋಲಿಸಿ ಅದನ್ನು ಕಳೆಯಬಹುದು. ನಾವಿಕ್ ಮೊದಲಿನಿಂದಲೂ ಎಲ್5 ಮತ್ತು ಎಸ್ ಎಂಬ ಎರಡು ಆವರ್ತನ ಪಟ್ಟಿಗಳಲ್ಲಿ ಬಿತ್ತರಿಸುತ್ತಿರುವುದರ ಲಾಭ ಇದು.

ಇಷ್ಟೆಲ್ಲ ಮಾಡಿದರೂ ಬಯಲಿನಲ್ಲಿ ನಿಂತ ಸಾಮಾನ್ಯ ಮೊಬೈಲಿಗೆ ಕೆಲವು ಮೀಟರುಗಳ ತಪ್ಪು ಉಳಿದೇ ಉಳಿಯುತ್ತದೆ. ರಸ್ತೆ ಹುಡುಕಲು ಅದು ಅಡ್ಡಿಯಲ್ಲ, ಬದುವಿನ ಜಗಳ ಬಿಡಿಸಲು ಮಾತ್ರ ಅದು ಸಾಲದು. ನಮ್ಮ ರಾಜ್ಯದ ‘ದಿಶಾಂಕ್’ ಆ್ಯಪ್ ಹೊಲದಲ್ಲಿ ನಿಂತವರಿಗೆ ಅಲ್ಲಿಯ ಸರ್ವೆ ನಂಬರ್ ತೋರಿಸುತ್ತದೆ. ರೈತರಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಆದರೆ ಒಂದು ಗಜ ಅಗಲದ ಬದುವಿನ ಮೇಲೆ ಮೊಬೈಲ್ ಹಿಡಿದು, ತೆರೆಯ ಮೇಲಿನ ನೀಲಿ ಚುಕ್ಕಿ ಪಕ್ಕದವರ ಗೆರೆಯೊಳಗೆ ಬಿತ್ತೆಂದು ಬಾಂದುಕಲ್ಲು ಕೀಳಹೊರಟರೆ ಅದು ಅನ್ಯಾಯವಾಗುತ್ತದೆ. ಆ ಚುಕ್ಕಿ ನಿಂತ ಕಡೆಯೇ ಅತ್ತಿತ್ತ ಸರಿದಾಡುವುದನ್ನು ಯಾರು ಬೇಕಾದರೂ ನೋಡಬಹುದು. ಗಡಿ ಅಳೆಯುವ ಸರ್ವೆಯರ್ ಬಳಸುವ ಉಪಕರಣವೇ ಬೇರೆ. ಅದು ಸುಮಾರು 19 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯ ಏರಿಳಿತವನ್ನೇ ಅಳೆಯುತ್ತದೆ. ಜೊತೆಗೆ, ತನ್ನ ಸ್ಥಾನ ನಿಖರವಾಗಿ ಗೊತ್ತಿರುವ ಸ್ಥಿರ ನೆಲೆಯೊಂದು ಆ ಹೊತ್ತಿನ ತಪ್ಪನ್ನು ಲೆಕ್ಕಹಾಕಿ ತಿದ್ದುಪಡಿ ಕಳಿಸುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಕರ್ನಾಟಕದಲ್ಲೂ ಇಂಥ ನೆಲೆಗಳ ಜಾಲವನ್ನು ಕಟ್ಟಿದೆ. ಅದರಿಂದ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ.

ಈಗ ನಾವಿಕ್‌ನ ಕಥೆಗೆ ಬರುತ್ತೇನೆ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿತು, 2016ರ ಏಪ್ರಿಲ್ 28ಕ್ಕೆ ಏಳೂ ಉಪಗ್ರಹಗಳ ಉಡಾವಣೆ ಮುಗಿಯಿತು. ಭಾರತ ಮತ್ತು ಗಡಿಯಾಚೆಯ 1,500 ಕಿಲೋಮೀಟರ್ ಪ್ರದೇಶಕ್ಕೆ ಸೇವೆ ಕೊಡುವುದು ಗುರಿ. ಮರುವರ್ಷದ ಹೊತ್ತಿಗಾಗಲೇ ಮೊದಲ ಉಪಗ್ರಹದಲ್ಲಿದ್ದ ಮೂರೂ ಆಮದು ರುಬಿಡಿಯಂ ಪರಮಾಣು ಗಡಿಯಾರಗಳು ಕೆಟ್ಟಿದ್ದವು. ಸೌರಫಲಕ, ರೇಡಿಯೋ ಎಲ್ಲವೂ ಸರಿಯಾಗಿದ್ದರೂ ಸಮಯ ಹೇಳಲಾಗದ ಉಪಗ್ರಹ ಪಥದರ್ಶನಕ್ಕೆ ಉಪಯೋಗವಿಲ್ಲ. ಅದರ ಬದಲಿಗೆ 2017ರಲ್ಲಿ ಕಳಿಸಿದ ಉಪಗ್ರಹ ಶಾಖಕವಚ ಕಳಚದೆ ನಷ್ಟವಾಯಿತು. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ವಿಜ್ಞಾನಿಗಳು ರುಬಿಡಿಯಂ ಗಡಿಯಾರವನ್ನು ದೇಶದಲ್ಲೇ ರೂಪಿಸಿದರು, ಅದು 2023ರ ಮೇ 29ರಂದು ನಾವಿಕ್‌ನ ಹೊಸ ತಲೆಮಾರಿನ ಉಪಗ್ರಹವಾದ ಎನ್‌ವಿಎಸ್-01ರಲ್ಲಿ ಕಕ್ಷೆ ಸೇರಿತು. ಸೆಕೆಂಡಿಗೆ ಸುಮಾರು 683 ಕೋಟಿ ಬಾರಿ ಮಿಡಿಯುವ ಪರಮಾಣುವನ್ನು ಆಧರಿಸಿದ ಯಂತ್ರವೊಂದನ್ನು ವರ್ಷಗಟ್ಟಲೆ ಕೆಡದಂತೆ ಕಟ್ಟುವ ವಿದ್ಯೆ ಬೆರಳೆಣಿಕೆಯ ದೇಶಗಳ ಬಳಿ ಮಾತ್ರ ಇದೆ. ಇದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆಯನ್ನು ತಲುಪಲಿಲ್ಲ. ಪಥದರ್ಶನಕ್ಕೆ ಆಗ ಒದಗುತ್ತಿದ್ದ ಉಪಗ್ರಹಗಳು ನಾಲ್ಕು ಎಂದು ಸರ್ಕಾರ 2025ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಿತು. ಈ ಲೆಕ್ಕಕ್ಕೆ ಕನಿಷ್ಠ ಬೇಕಾದದ್ದೇ ನಾಲ್ಕು, ಅಂದರೆ ಒಂದು ಕೈಕೊಟ್ಟರೂ ಸ್ವಾವಲಂಬನೆಗೆ ಕುಂದು ಬರುವ ಸ್ಥಿತಿ ಅದು. ಹೊಸ ಉಪಗ್ರಹಗಳ ವಿಳಂಬವನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಇನ್ನೂ ನಾಲ್ಕು ಉಪಗ್ರಹಗಳು ಸಂದೇಶ ಬಿತ್ತರಿಸುವುದಕ್ಕಷ್ಟೇ ಬಳಕೆಯಾಗುತ್ತಿವೆ ಎಂದೂ ಅದೇ ಉತ್ತರದಲ್ಲಿತ್ತು. ಕರಾವಳಿಯವರಿಗೆ ಇದು ಸಣ್ಣ ವಿಷಯವಲ್ಲ. ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. 2017ರ ಓಖಿ ಚಂಡಮಾರುತದ ಹೊತ್ತಿಗೆ ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳು ಆಳಸಮುದ್ರದಲ್ಲಿದ್ದವು, ಅವರಿಗೆ ಎಚ್ಚರಿಕೆ ತಲುಪಿಸುವ ಮಾರ್ಗವೇ ಇರಲಿಲ್ಲ. ಈಗ ದೋಣಿಯಲ್ಲಿ ನಾವಿಕ್ ಗ್ರಾಹಕವೊಂದಿದ್ದರೆ ಚಂಡಮಾರುತದ ಮುನ್ಸೂಚನೆ, ಮೀನು ಹೆಚ್ಚಿರುವ ಪ್ರದೇಶದ ಮಾಹಿತಿ ಬ್ಲೂಟೂತ್ ಮೂಲಕ ಮೊಬೈಲಿಗೆ ಬರುತ್ತದೆ. ಇಸ್ರೋ ರೂಪಿಸಿದ ಎರಡನೆಯ ತಲೆಮಾರಿನ ಆಪತ್ಕಾಲದ ಸಾಧನದಲ್ಲಿ ಮೀನುಗಾರ ಗುಂಡಿ ಒತ್ತಿದರೆ, ದೋಣಿ ಇರುವ ಜಾಗದ ವಿವರ ಉಪಗ್ರಹದ ಮೂಲಕ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಬಂದು, ಅಲ್ಲಿಂದ ಕರಾವಳಿ ಕಾವಲುಪಡೆಗೆ ಹೋಗುತ್ತದೆ. ಹಳೆಯ ಸಾಧನದಲ್ಲಿ ಕರೆ ಮುಟ್ಟಿತೋ ಇಲ್ಲವೋ ಎಂದು ತಿಳಿಯುವ ದಾರಿಯಿರಲಿಲ್ಲ. ಹೊಸತರಲ್ಲಿ ಮುಟ್ಟಿದೆ ಎಂಬ ಉತ್ತರವೂ ದೋಣಿಗೆ ಮರಳುತ್ತದೆ. ಮಲ್ಪೆ, ಮಂಗಳೂರು, ಕಾರವಾರಗಳಿಂದ ಆಳಸಮುದ್ರಕ್ಕೆ ಹೊರಡುವ ಪ್ರತಿ ದೋಣಿಯಲ್ಲೂ ಈ ಸಾಧನ ಇರುವಂತೆ ನೋಡಿಕೊಳ್ಳುವುದು ನಮ್ಮ ಮೀನುಗಾರಿಕಾ ಆಡಳಿತದ ಮೊದಲ ಕೆಲಸಗಳಲ್ಲಿ ಒಂದಾಗಬೇಕು.