ಲೀಕ್ ಆಗಿದ್ದು ಎಡಗಡೆ, ಮತ್ತೆ ಬಲಗಡೆ ಬ್ರೇಕ್ ಯಾಕೆ ಬಿಚ್ಚಿದ್ದು ಅಂತ ಕೇಳಿದೋರಿಗೆ

ನಮಸ್ಕಾರ ಎಲ್ರಿಗೂ, ಇವತ್ತು ಸ್ಪ್ಯಾನರ್ ಹಿಡಿಯೋ ವಿಡಿಯೋ ಅಲ್ಲ, ಇವತ್ತು ಬರೀ ಬಾಯಿ. ಯಾಕಂದ್ರೆ ನಮ್ಮ ಪದ್ಮಿನಿ, ಅದೇ ಹಳೇ ಫಿಯಟ್ ಕಾರು, ಅದರ ಹಿಂದಿನ ಬ್ರೇಕ್ ಬಿಚ್ಚಿದ ಹೋದ ವಿಡಿಯೋ ಕೆಳಗೆ ಒಬ್ರು ಮಹಾನುಭಾವರು ಕಾಮೆಂಟ್ ಹಾಕಿದಾರೆ, ಓದ್ತೀನಿ ಕೇಳಿ. “ಲೀಕ್ ಆಗಿದ್ದು ಎಡಗಡೆ ವ್ಹೀಲ್ ಸಿಲಿಂಡರ್, ನೀವು ಬಲಗಡೆದೂ ಬಿಚ್ಚಿ ಹೊಸದು ಹಾಕಿದ್ರಿ, ಅಂಗಡಿಯೋರು ಕಮಿಷನ್ ಎಷ್ಟು ಕೊಟ್ರು ಬ್ರೋ?” ಕೊನೇಲಿ ನಗೋ ಇಮೋಜಿ. ಅದಕ್ಕೆ ಲೈಕ್ ಬೇರೆ. ನಾನು ಎರಡು ಭಾನುವಾರ ಹಾಳು ಮಾಡ್ಕೊಂಡು ಮಾಡಿದ ವಿಡಿಯೋಗೆ ಬೀಳದೇ ಇರೋ ಲೈಕು ಆ ಒಂದು ಸಾಲಿಗೆ ಬಿದ್ದಿದೆ, ಹೊಟ್ಟೆ ಉರಿಯುತ್ತೆ, ಇರ್ಲಿ.

ಕಮಿಷನ್ನಾ ಸ್ವಾಮಿ? ಬೆಂಗಳೂರಲ್ಲಿ ಸ್ಪೇರ್ ಪಾರ್ಟ್ಸ್ ಸಿಗೋ ಜೆ.ಸಿ. ರೋಡಿಗೆ ಹೋಗಿ ಪದ್ಮಿನಿಗೆ ಹಿಂದಿನ ವ್ಹೀಲ್ ಸಿಲಿಂಡರ್ ಇದ್ಯಾ ಅಂತ ಕೇಳಿ ನೋಡಿ. ಕೌಂಟರಲ್ಲಿರೋ ಹುಡುಗ ಮೊದಲು ನಿಮ್ಮ ಮುಖ ನೋಡ್ತಾನೆ, ಆಮೇಲೆ ಒಳಗೆ ಪೇಪರ್ ಓದ್ತಾ ಕೂತಿರೋ ಅವರಪ್ಪನ್ನ ಕರೀತಾನೆ, ಅವರು ಕನ್ನಡಕ ಏರಿಸ್ಕೊಂಡು “ಫಿಯಟ್ಟಾ?” ಅಂತ ಕೇಳಿ ಅಟ್ಟಕ್ಕೆ ಏಣಿ ಹಾಕಿಸ್ತಾರೆ. ಡಬ್ಬ ಸಿಕ್ಕಿದ್ರೆ ನಾವೇ ಕೈಮುಗಿದು ಬರ್ತೀವಿ. ಅಂಥ ಕಡೆ ಕಮಿಷನ್ ಕೇಳೋಕೆ ಮುಖ ಎಲ್ಲಿದೆ ನನಗೆ.

ಸರಿ ವಿಷ್ಯಕ್ಕೆ ಬರ್ತೀನಿ. ನಾನು ಹೇಳೋದು ಒಂದೇ ಮಾತು: ಹಿಂದಿನ ಡ್ರಮ್ ಬ್ರೇಕ್ ಸಾಮಾನು ಬದಲಾಯಿಸ್ತೀರಾ, ಎರಡೂ ಕಡೆ ಬದಲಾಯಿಸಿ. ಶೂ, ವ್ಹೀಲ್ ಸಿಲಿಂಡರ್, ರಿಟರ್ನ್ ಸ್ಪ್ರಿಂಗ್, ಮೂರೂ. ಎಡಗಡೆ ಮಾತ್ರ ಹೋಗಿದ್ರೂ ಎರಡೂ ಕಡೆ.

ಯಾಕೆ ಅಂತ ಕೇಳಿ. ಡ್ರಮ್ ಒಳಗೆ ಎರಡು ಶೂ ಇರುತ್ತೆ, ಮಧ್ಯ ವ್ಹೀಲ್ ಸಿಲಿಂಡರ್, ಪೆಡಲ್ ಒತ್ತಿದ್ರೆ ಬ್ರೇಕ್ ಆಯಿಲ್ ಬಂದು ಪಿಸ್ಟನ್ ತಳ್ಳುತ್ತೆ, ಶೂ ಅಗಲ ಆಗಿ ಅದರ ಮೇಲಿರೋ ಲೈನರ್ ಅನ್ನೋ ಪಟ್ಟಿ ಡ್ರಮ್‌ಗೆ ಉಜ್ಜುತ್ತೆ. ಇದು ಎಲ್ರಿಗೂ ಗೊತ್ತು. ಗೊತ್ತಿಲ್ದೇ ಇರೋದು ಏನಂದ್ರೆ ಮುಂದಕ್ಕೆ ಹೋಗುವಾಗ ಆ ಎರಡು ಶೂಲಿ ಒಂದನ್ನ, ಲೀಡಿಂಗ್ ಶೂ ಅಂತಾರೆ, ತಿರುಗ್ತಿರೋ ಡ್ರಮ್ಮೇ ತನ್ನ ಕಡೆಗೆ ಎಳ್ಕೊಳ್ಳುತ್ತೆ, ನಾವು ಒತ್ತಿದ್ದಕ್ಕಿಂತ ಜಾಸ್ತಿ ಕಚ್ಚುತ್ತೆ. ಅಂದ್ರೆ ಲೈನರ್‌ನ ಹಿಡಿತದಲ್ಲಿ ಸ್ವಲ್ಪ ವ್ಯತ್ಯಾಸ ಇದ್ರೂ ಡ್ರಮ್ ಬ್ರೇಕ್ ಅದನ್ನ ದೊಡ್ಡದು ಮಾಡಿ ತೋರಿಸುತ್ತೆ. ಒಂದು ಕಡೆ ಹೊಸ ಲೈನರ್, ಇನ್ನೊಂದು ಕಡೆ ಬಿಸಿ ತಿಂದು ತಿಂದು ಗಾಜಿನ ಥರ ಹೊಳೀತಿರೋ ಹಳೇ ಲೈನರ್, ಪೆಡಲ್ ಒಂದೇ ಆದ್ರೂ ಹಿಡಿತ ಎರಡು ಥರ. ನೊಗದ ಒಂದು ಕಡೆ ಹೋರಿ, ಇನ್ನೊಂದು ಕಡೆ ಮುದಿ ಎತ್ತು ಕಟ್ಟಿದ್ರೆ ಗಾಡಿ ಯಾವ ಕಡೆ ಹೋಗುತ್ತೆ ಅಂತ ಊರಲ್ಲಿ ಸಣ್ಣ ಹುಡುಗನ್ನ ಕೇಳಿ, ಹೇಳ್ತಾನೆ.

ಈಗ ಸಿಲಿಂಡರ್ ವಿಷ್ಯ. ಬ್ರೇಕ್ ಆಯಿಲ್, ಅದೇ ಡಾಟ್ 3, ಗಾಳೀಲಿರೋ ತೇವ ಎಳ್ಕೊಳ್ಳುತ್ತೆ. ಹೊಸದರಲ್ಲಿ 205 ಡಿಗ್ರಿ ತನಕ ಕುದಿಯಬಾರದು ಅಂತ ಸ್ಟ್ಯಾಂಡರ್ಡ್, ನೀರು ಸೇರಿದ್ಮೇಲೆ 140ಕ್ಕೇ ಕುದಿಯೋಕೆ ಬಿಟ್ಟಿದಾರೆ. ಅದೇ ನೀರು ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತೆ, ತುಕ್ಕಿನ ಮೇಲೆ ಬಕೆಟ್ ವಾಷರ್, ಅಂದ್ರೆ ಆಯಿಲ್ ಹೊರಗೆ ಬರದ ಹಾಗೆ ತಡೆಯೋ ರಬ್ಬರ್, ಹಿಂದೆ ಮುಂದೆ ಉಜ್ಜಿ ಉಜ್ಜಿ ಹರಿಯುತ್ತೆ, ಆಮೇಲೆ ಲೀಕು. ಎಡಗಡೆ ಸಿಲಿಂಡರ್ ಯಾವ ಆಯಿಲ್ ಕುಡೀತೋ ಬಲಗಡೆದೂ ಅದನ್ನೇ ಕುಡಿದಿದ್ದು, ಅಷ್ಟೇ ವರ್ಷ ಕುಡಿದಿದ್ದು. ನಂಬಿಕೆ ಇಲ್ವಾ, ಬಲಗಡೆ ಡ್ರಮ್ ತೆಗೀರಿ, ಸಿಲಿಂಡರ್ ತುದೀಲಿರೋ ರಬ್ಬರ್ ಬೂಟಿನ ಅಂಚನ್ನ ಸಣ್ಣ ಸ್ಕ್ರೂಡ್ರೈವರಲ್ಲಿ ಮೆಲ್ಲಗೆ ಎತ್ತಿ. ಒಳಗೆ ಒಣಗಿರ್ಬೇಕು. ನಂದರಲ್ಲಿ ಎತ್ತಿದ ತಕ್ಷಣ ಕಾಫಿ ಬಣ್ಣದ ನೀರು ಬೆರಳ ಮೇಲೆ ಇಳೀತು. ಹೊರಗಡೆಯಿಂದ ನೋಡಿದ್ರೆ ಒಂದು ಹನಿ ಇಲ್ಲ, “ಚೆನ್ನಾಗಿರೋ” ಸೈಡ್ ಅಂತೆ! ಅದನ್ನೇ ಅವರು ಬಿಡಿ ಅಂತಿದ್ದಿದ್ದು!

ಇನ್ನೊಂದು, ಲೀಕ್ ಅಂದ ತಕ್ಷಣ ಸಿಲಿಂಡರ್ ಅಂತ ಓಡ್ಬೇಡಿ, ಮೂಸಿ ನೋಡಿ. ಗಂಧಕದ ನಾತ, ದಪ್ಪಗೆ ಕಪ್ಪಗಿದ್ರೆ ಅದು ಹೌಸಿಂಗ್ ಆಯಿಲ್, ಅಂದ್ರೆ ಹಿಂದಿನ ಆಕ್ಸಲ್ ಒಳಗಿನ ಗೇರ್ ಆಯಿಲ್, ಅದನ್ನ ತಡೆಯೋ ಆಕ್ಸಲ್ ಸೀಲ್ ಹೋಗಿದೆ ಅಂತ ಅರ್ಥ. ಸೀಲ್ ಬದಲಾಯಿಸ್ದೇ ಹೊಸ ಶೂ ಹಾಕಿದ್ರೆ ತಿಂಗಳಲ್ಲಿ ಅದೂ ಸ್ನಾನ ಮಾಡಿರುತ್ತೆ. ಮತ್ತೆ ಆಯಿಲ್ ಕುಡಿದ ಲೈನರನ್ನ ಪೆಟ್ರೋಲಲ್ಲಿ ತೊಳೆದು, ಉಪ್ಪು ಕಾಗದ ಉಜ್ಜಿ, ಬಿಸಿಲಿಗಿಟ್ಟು ವಾಪಸ್ ಹಾಕೋರು ಇದಾರೆ, ಕೈ ಎತ್ತಿ, ನಾನೇನೂ ಅನ್ನಲ್ಲ. ಅಂತೀನಿ. ಬಿಸಾಕಿ ಅದನ್ನ. ಮತ್ತೆ ಹಳೇ ಲೈನರಲ್ಲಿ ಆಸ್‌ಬೆಸ್ಟಾಸ್ ಇರುತ್ತೆ, ಏರ್ ಗನ್ ಹಿಡಿದು ಧೂಳು ಊದ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ, ಶ್ವಾಸಕೋಶಕ್ಕೆ ಸ್ಪೇರ್ ಜೆ.ಸಿ. ರೋಡಲ್ಲೂ ಸಿಗಲ್ಲ, ಶಿವಾಜಿನಗರ ಗುಜರೀಲೂ ಸಿಗಲ್ಲ.

ಗುಜರಿ ಅಂದಾಗ ನೆನಪಾಯ್ತು, ಚಾನೆಲ್ ಮಗ್ ಬಂದಿದೆ, ಮೇಲೆ ಪದ್ಮಿನಿ ಚಿತ್ರ ಇದೆ, ಲಿಂಕ್ ಕೆಳಗೆ. ಒಂದೇ ಮಗ್ ಕೊಡಲ್ಲ, ಜೋಡಿಯಾಗಿ ಮಾತ್ರ ಮಾರೋದು. ಯಾಕೆ ಅಂತ ಈ ವಿಡಿಯೋ ನೋಡ್ತಿರೋರು ಕೇಳಬಾರದು.

ಮುಂದಿನ ವಾದ ಗೊತ್ತು ನನಗೆ. “ಸಾರ್, ಹಿಂದಿನ ಬ್ರೇಕ್ ಕೆಲಸ ಮಾಡೋದೇ ಕಮ್ಮಿ, ಮುಂದಿನದೇ ಮುಖ್ಯ.” ಹೌದಪ್ಪ, ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ. ಹಗುರ ಆದ ಚಕ್ರ ಬೇಗ ಲಾಕ್ ಆಗುತ್ತಲ್ವಾ? ಅದ್ರಲ್ಲೂ ಒಂದೇ ಕಡೆ ಲಾಕ್ ಆದ್ರೆ? ಮಳೇಲಿ? ಆಗುಂಬೆಯ 14 ತಿರುವಲ್ಲಿ? ಎಡಕ್ಕೆ ಎಳೆದ್ರೆ ಚರಂಡಿ, ಬಲಕ್ಕೆ ಎಳೆದ್ರೆ ಎದುರಿಗೆ ಬರ್ತಿರೋ ಬಸ್ಸು, ಯಾವುದು ಬೇಕು ಆರಿಸ್ಕೊಳ್ಳಿ. ಇಂಗ್ಲೆಂಡಲ್ಲಿ ಎಂಒಟಿ ಅಂತ ಟೆಸ್ಟ್ ಇದೆ, ರೋಲರ್ ಮೇಲೆ ನಿಲ್ಲಿಸಿ ನೋಡ್ತಾರೆ, ಒಂದೇ ಆಕ್ಸಲ್‌ನ ಎಡ ಬಲ ಹಿಡಿತದಲ್ಲಿ ವ್ಯತ್ಯಾಸ 30 ಪರ್ಸೆಂಟ್ ದಾಟಿದ್ರೆ ಫೇಲ್. ಅವ್ರೇನು ದಡ್ಡರಾ?

“ನಮ್ಮ ತಾತ ಒಂದೇ ಸೈಡ್ ಹಾಕಿಸ್ತಿದ್ರು, ಏನೂ ಆಗ್ಲಿಲ್ಲ.” ನಿಮ್ಮ ತಾತನ ಕಾಲದಲ್ಲಿ ರೋಡಲ್ಲಿ ಇದ್ದಿದ್ದು ಒಂದು ಫಿಯಟ್ಟು, ಒಂದು ಅಂಬಾಸಿಡರು, ಮಧ್ಯ ಒಂದು ಎಮ್ಮೆ. ಮುಂಬೈನ ಕುರ್ಲಾ ಫ್ಯಾಕ್ಟರೀಲಿ 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಬಂತಲ್ಲ, ಅದೇ ಕಾರಿಗೆ 1974ರಲ್ಲಿ ಪದ್ಮಿನಿ ಅಂತ ಹೆಸರಾಯ್ತು. ಆಗ ಅದು ಹೊಸ ಕಾರು ಸ್ವಾಮಿ! ಹೊಸ ಕಾರಿಗೆ ಒಂದು ಕಡೆ ಹಾಕಿದ್ರೂ ಇನ್ನೊಂದು ಕಡೇಲಿ ಜೀವ ಇತ್ತು. ಈಗ ಮುಂಬೈ ಟ್ಯಾಕ್ಸಿ ಸ್ಟ್ಯಾಂಡಿಂದಲೇ 2023ರಲ್ಲಿ ಪದ್ಮಿನಿಗೆ ವಿದಾಯ ಹೇಳಿಯಾಯ್ತು, ನಮ್ಮ ಹತ್ರ ಇರೋದು ಅಜ್ಜಿ. ಅಜ್ಜಿಗೆ ಎರಡೂ ಕಡೆ ಹಾಕಿ!

“ಸಿಂಗಲ್ ಸೈಡ್ ಲೀಕ್ ಆದ್ರೆ ಉಳಿದ ಮೂರು ಚಕ್ರ ಹಿಡಿಯುತ್ತಲ್ಲ?” ಅಯ್ಯೋ, ಹಿಡಿಯಲ್ಲ. ಹಳೇ ಮಾಡೆಲ್‌ಗಳಲ್ಲಿ ಬ್ರೇಕ್ ಲೈನ್ ಸಿಂಗಲ್ ಸರ್ಕ್ಯೂಟು, ನಾಲ್ಕೂ ಚಕ್ರಕ್ಕೆ ಒಂದೇ ಆಯಿಲು ಒಂದೇ ಒತ್ತಡ, ಎಲ್ಲಿ ತೂತಾದ್ರೂ ಪೆಡಲ್ ನೆಲಕ್ಕೆ. ಆಮೇಲೆ ಹ್ಯಾಂಡ್ ಬ್ರೇಕ್ ಎಳೀತಾ ದೇವರ ಹೆಸರು ಹೇಳ್ತಾ ಇಳೀಬೇಕು, ಆ ಹ್ಯಾಂಡ್ ಬ್ರೇಕೂ ಹಿಡಿಯೋದು ಅದೇ ಹಿಂದಿನ ಶೂನೇ! ಆಯಿಲ್ ಕುಡಿದು ಕೂತಿರೋ ಶೂನೇ!

ದುಡ್ಡಿಲ್ಲ ಅಂತೀರಾ, ಹಳೇ ಶೂಗೇ ಹೊಸ ಲೈನರ್ ರಿವೆಟ್ ಹೊಡೆದು ಕೊಡೋರು ಇದಾರೆ, ಅಗ್ಗ, ಆದ್ರೆ ನಾಲ್ಕೂ ಶೂ ಒಟ್ಟಿಗೆ ಕೊಡಿ, ಒಂದೇ ಲೈನರ್ ಬೀಳ್ಲಿ. ಡ್ರಮ್ ಲೇತಿಗೆ ಕೊಟ್ರೆ ಎರಡನ್ನೂ ಕೊಡಿ, ಎರಡೂ ಒಂದೇ ಅಳತೆಗೆ ಬರ್ಲಿ, ಮಿತಿ ಮೀರಿ ತೆಳ್ಳಗಾಗಿದ್ರೆ ಆಸೆ ಬಿಡಿ. ಸ್ಪ್ರಿಂಗ್ ನೋಡೋಕೆ ಚೆನ್ನಾಗೇ ಇರುತ್ತೆ, ಬಿಸಿಗೆ ಸತ್ತಿರುತ್ತೆ, ಶೂ ವಾಪಸ್ ಎಳೆಯಲ್ಲ, ಲೈನರ್ ಉಜ್ಜುತ್ತಾ ಇರುತ್ತೆ, ನೀವು ಮೈಲೇಜ್ ಬರ್ತಿಲ್ಲ ಅಂತ ಕಾರ್ಬುರೇಟರ್ ಬಿಚ್ತಾ ಇರ್ತೀರ.

ಒಂದು ವಿನಾಯ್ತಿ ಕೊಡ್ತೀನಿ. ಬಿಚ್ಚೋದು ಮಾತ್ರ ಒಂದೊಂದೇ ಕಡೆ. ಒಂದು ಪೂರ್ತಿ ಜೋಡಿಸೋ ತನಕ ಇನ್ನೊಂದನ್ನ ಮುಟ್ಬೇಡಿ, ಯಾವ ಸ್ಪ್ರಿಂಗ್ ಯಾವ ತೂತಿಗೆ ಅಂತ ಆ ಕಡೆ ಹೋಗಿ ನೋಡ್ಬಹುದು. ಕೊನೇಲಿ ಬ್ರೇಕ್ ಲೈನಲ್ಲಿ ಸೇರಿದ ಏರ್ ತೆಗೆಯುವಾಗ ಪೆಡಲನ್ನ ನೆಲಕ್ಕೆ ಗುದ್ಬೇಡಿ, ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಹಳೇ ಮಾಸ್ಟರ್ ಸಿಲಿಂಡರ್ ಒಳಗೆ ವಾಷರ್ ಯಾವತ್ತೂ ಹೋಗ್ದೇ ಇರೋ ಜಾಗದಲ್ಲಿ ತುಕ್ಕಿರುತ್ತೆ, ಅಲ್ಲಿಗೆ ಹೋಗಿ ಹರ್ಕೊಂಡು ಬರುತ್ತೆ.

ಆಮೇಲೆ ಡ್ರಮ್ ಬದ್ಲು ಡಿಸ್ಕ್ ಬ್ರೇಕ್ ಹಾಕ್ಸಿ ಅನ್ನೋರು, ನಿಮಗೆ ಉತ್ತರ ಕೊಡೋಷ್ಟು ತಾಳ್ಮೆ ಇಲ್ಲ, ನೀವು ಪದ್ಮಿನಿಗೆ ಸನ್‌ರೂಫ್ ಕೂರಿಸೋ ಜನ. ಕಾರು ಬರೀ ಶೋಗೆ, ಓಡಿಸಲ್ಲ ಅನ್ನೋರು, ಸರಿ, ಒಂದು ಕಡೆನೂ ಹಾಕ್ಬೇಡಿ, ಇಟ್ಟಿಗೆ ಇಡಿ. ಓಡಿಸೋರು ಎರಡೂ ಕಡೆ ಹಾಕಿ, ಯಾಕೆ ಅಂತ ಇನ್ನೊಂದ್ಸಲ ಕೇಳಿದ್ರೆ, ಯಾಕಂದ್ರೆ ನಾನು ಹೇಳ್ತಿದೀನಿ, ಎರಡು ಚಕ್ರ ಇದೆ, ಎರಡು ಡ್ರಮ್ ಇದೆ, ದೇವರು ಎರಡು ಕೈ ಕೊಟ್ಟಿದಾನೆ, ಹಾಕಿ!

ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಮೆಂಬರ್ ಆದೋರಿಗೆ ಮಾಸ್ಟರ್ ಸಿಲಿಂಡರ್ ವಿಡಿಯೋ ಒಂದು ದಿನ ಮುಂಚೆ. ಈಗ ಲೈವ್ ಚಾಟಲ್ಲಿ ಒಬ್ಬ ಕೇಳ್ತಿದಾನೆ, “ಅಣ್ಣ, ನಂದು ಸ್ಕೂಟರು, ಹಿಂದೆ ಇರೋದು ಒಂದೇ ಚಕ್ರ, ನಾನು ಏನ್ ಮಾಡ್ಲಿ?” ಮಾಡ್ರೇಟರ್, ಇವ್ನನ್ನ ಬ್ಲಾಕ್ ಮಾಡಪ್ಪ.