ಚಂದಾ ವಸೂಲಿಗೆ ಹೋದವರು: ವಲಸಿಗರ ಒಂದು ಪತ್ರಿಕೆಯ ಕಥೆ

(ಬೆಳಗಾವಿಯಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯಲ್ಲಿ ಗಾಂಧೀಜಿಯ ಹೆಸರು ಎತ್ತಿದರೆ ಮಾತು 1924ರ ಡಿಸೆಂಬರಿಗೇ ಹೋಗಿ ನಿಲ್ಲುತ್ತದೆ. ಅವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ, ಟಿಳಕವಾಡಿಯ ಬಾವಿ, ಗಂಗಾಧರರಾವ್ ದೇಶಪಾಂಡೆಯವರ ಓಡಾಟ, ಇವೆಲ್ಲ ನಿಮಗೆ ಶಾಲೆಯಿಂದಲೇ ಬಾಯಿಪಾಠ. ಆ ಕಥೆಯನ್ನು ನಾನು ಮತ್ತೆ ಹೇಳುವುದಿಲ್ಲ. ಅಧಿವೇಶನಕ್ಕೆ ಸರಿಯಾಗಿ ಇಪ್ಪತ್ತು ವರ್ಷ ಮೊದಲು, 1904ರ ಡಿಸೆಂಬರಿನಲ್ಲಿ, ಇದೇ ಮನುಷ್ಯ ದಕ್ಷಿಣ ಆಫ್ರಿಕಾದ ಒಂದು ತಗಡಿನ ಶೆಡ್ಡಿನಲ್ಲಿ ರಾತ್ರಿಯಿಡೀ ಮುದ್ರಣಯಂತ್ರದ ಚಕ್ರ ತಿರುಗಿಸುತ್ತಿದ್ದರು. ಆ ಶೆಡ್ಡಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಪತ್ರಿಕೆಗಾಗಿ ದುಡಿದು ಹೆಸರು ಉಳಿಸಿಕೊಳ್ಳದ ಕೆಲವರ ಬಗ್ಗೆ ಇವತ್ತು ಮಾತನಾಡುತ್ತೇನೆ.

ಪತ್ರಿಕೆಯ ಹೆಸರು ‘ಇಂಡಿಯನ್ ಒಪಿನಿಯನ್’. ಡರ್ಬನ್ನಿನಲ್ಲಿ 1903ರ ಜೂನ್ ತಿಂಗಳಲ್ಲಿ ಶುರುವಾದ ವಾರಪತ್ರಿಕೆ. ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು, ನಾಲ್ಕೂ ಒಂದೇ ಸಂಚಿಕೆಯಲ್ಲಿ. ಓದುಗರು ಯಾರು? 1860ರ ನವೆಂಬರಿನಲ್ಲಿ ಮದ್ರಾಸಿನಿಂದ ‘ಟ್ರೂರೋ’ ಎಂಬ ಹಡಗು ಡರ್ಬನ್ ಬಂದರಿಗೆ ಮೊದಲ ಕೂಲಿಯಾಳುಗಳನ್ನು ಇಳಿಸಿತ್ತು. ಡರ್ಬನ್ ಸೇರಿದ್ದ ನಟಾಲ್ ವಸಾಹತಿನ ಕಬ್ಬಿನ ತೋಟಗಳಿಗೆ ಐದು ವರ್ಷದ ಕರಾರಿನ ಮೇಲೆ ಬಂದವರು ಇವರು. ಕರಾರಿನ ‘ಅಗ್ರಿಮೆಂಟ್’ ಎಂಬ ಮಾತು ಜನರ ಬಾಯಲ್ಲಿ ‘ಗಿರಮಿಟ್’ ಆಗಿ, ಇವರನ್ನು ಗಿರಮಿಟಿಯಾಗಳು ಎಂದು ಕರೆಯುತ್ತಿದ್ದರು. ನಗಬೇಡಿ, ಸಂಜೆ ನಾವು ಚುರುಮುರಿಯಲ್ಲಿ ಕಲಸಿಕೊಂಡು ತಿನ್ನುವ ಗಿರಮಿಟ್ ಬೇರೆ. ಇವರ ಹಿಂದೆಯೇ ಸ್ವಂತ ಖರ್ಚಿನಲ್ಲಿ ಹಡಗು ಹತ್ತಿ ಬಂದ ಗುಜರಾತಿ ವ್ಯಾಪಾರಿಗಳು. ಕೂಲಿಯವನೂ ಅಂಗಡಿಯವನೂ ಒಂದೇ ದೇಶದವರು, ಆದರೆ ಭಾಷೆ ಬೇರೆ, ಕಷ್ಟ ಬೇರೆ, ಜೇಬು ಬೇರೆ. ಈ ಭೇದವನ್ನು ನೆನಪಿಟ್ಟುಕೊಳ್ಳಿ, ಪತ್ರಿಕೆ ಎಡವಿದ್ದು ಇಲ್ಲಿಯೇ.

ಮೊದಲ ಸಂಪಾದಕ ಗಾಂಧೀಜಿಯಲ್ಲ. ಮನಸುಖಲಾಲ್ ಹೀರಾಲಾಲ್ ನಾಜರ್. 1896ರ ಕೊನೆಗೆ ಡರ್ಬನ್ನಿಗೆ ಬಂದಿಳಿದ ಅವರನ್ನು ಮರುವರ್ಷವೇ ಅಲ್ಲಿನ ಭಾರತೀಯರು ತಮ್ಮ ಅಹವಾಲು ಹೇಳಲು ಲಂಡನ್ನಿಗೆ ಕಳುಹಿಸಿದ್ದರು. ಭಾರತದಲ್ಲಿ ಪತ್ರಿಕೆಗಳಿಗೆ ಬರೆದು ಪಳಗಿದವರು. ಸಂಬಳವಿಲ್ಲದೆ ಸಂಪಾದಕರಾದರು, 1906ರ ಜನವರಿಯಲ್ಲಿ ತೀರಿಕೊಂಡರು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಒಂದು ಮಾತು ಬರೆದಿದ್ದಾರೆ: ನಾಜರರಿಗೆ ಪತ್ರಿಕೆ ನಡೆಸುವ ಶಕ್ತಿ ಇಲ್ಲದೆ ಅಲ್ಲ, ಆದರೆ ತಾನು ಇರುವವರೆಗೆ ದಕ್ಷಿಣ ಆಫ್ರಿಕಾದ ತೊಡಕಿನ ವಿಷಯಗಳ ಮೇಲೆ ಅವರು ಲೇಖನಿ ಎತ್ತುತ್ತಿರಲಿಲ್ಲ ಎಂದು. ಅಗ್ರಲೇಖನದ ಹೊರೆ ಗಾಂಧಿಯವರದು, ಸಂಪಾದಕನ ಕುರ್ಚಿ ನಾಜರರದು. ಬೇರೆಯವರ ವಿಚಾರಕ್ಕೆ ತನ್ನ ಹೆಸರಿನ ಹೊಣೆ ಕೊಟ್ಟು ಸುಮ್ಮನೆ ಕೆಲಸ ಮಾಡಿದವರನ್ನು ಚರಿತ್ರೆ ಅಡಿಟಿಪ್ಪಣಿಗೆ ತಳ್ಳುತ್ತದೆ. ನನಗೆ ಅದು ಅನ್ಯಾಯವೆನಿಸುತ್ತದೆ.

ಮುದ್ರಣಾಲಯದ ಮಾಲೀಕರು ಮದನಜಿತ್ ವ್ಯವಹಾರಿಕ್, ಮುಂಬಯಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಮುದ್ರಣಾಲಯದ ಮಾಲೀಕ ಎಂದರೆ ಕುರ್ಚಿಯಲ್ಲಿ ಕುಳಿತು ಸಹಿ ಹಾಕುವವನು ಎಂದು ತಿಳಿಯಬೇಡಿ. ಊರೂರು ಅಲೆದು ಚಂದಾದಾರರನ್ನು ಹಿಡಿಯುವುದು, ಬಾಕಿ ವಸೂಲಿ ಮಾಡುವುದು ಅವರ ಕೆಲಸ. 1904ರ ಮಾರ್ಚ್ ತಿಂಗಳಲ್ಲಿ ಹೀಗೆ ಚಂದಾ ಎತ್ತಲು ಜೋಹಾನ್ಸ್‌ಬರ್ಗಿಗೆ ಹೋಗಿದ್ದರು. ಭಾರತೀಯರಿಗೆಂದು ಗುರುತಿಸಿದ್ದ ಕೊಳಕು ಕೇರಿಯಲ್ಲಿ ಮನೆ ಮನೆ ತಿರುಗುತ್ತಿರುವಾಗ, ಚಿನ್ನದ ಗಣಿಯಿಂದ ಬಂದ 23 ಕಾರ್ಮಿಕರು ಪ್ಲೇಗು ತಗುಲಿ ಬಿದ್ದಿರುವುದು ಕಣ್ಣಿಗೆ ಬಿತ್ತು. ರಸೀದಿ ಪುಸ್ತಕ ಹಿಡಿದ ಮನುಷ್ಯ ಏನು ಮಾಡಬೇಕು? ಅವರು ಖಾಲಿ ಬಿದ್ದಿದ್ದ ಒಂದು ಮನೆಯ ಬೀಗ ಒಡೆದು ರೋಗಿಗಳನ್ನೆಲ್ಲ ಒಳಗೆ ಮಲಗಿಸಿದರು. ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು ಗೀಚಿ ಗಾಂಧಿಯವರಿಗೆ ಕಳುಹಿಸಿದರು: ತಕ್ಷಣ ಬನ್ನಿ, ಇಲ್ಲದಿದ್ದರೆ ಅನಾಹುತವಾಗುತ್ತದೆ. ಗಾಂಧಿ ಸೈಕಲ್ ಏರಿ ಬಂದರು. ಡಾಕ್ಟರ್ ವಿಲಿಯಂ ಗಾಡ್‌ಫ್ರೆ ಬಂದರು. ಆ ಮನೆಯಿಂದ, ಆಮೇಲೆ ಪುರಸಭೆ ಕೊಟ್ಟ ಗೋದಾಮಿನಿಂದ ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು ಮಂದಿ.

ಆ ಕಾಲದ ಪ್ಲೇಗನ್ನು ನಮ್ಮ ಭಾಗಕ್ಕೆ ವಿವರಿಸಬೇಕಾಗಿಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋದವರ ಮಾತು ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ.

ಪತ್ರಿಕೆಯ ದೃಷ್ಟಿಯಿಂದ ಆಮೇಲೆ ನಡೆದದ್ದು ಕುತೂಹಲದ್ದು. ಪ್ಲೇಗಿಗೆ ಪುರಸಭೆಯ ನಿರ್ಲಕ್ಷ್ಯವೇ ಕಾರಣ ಎಂದು ಗಾಂಧಿ ಅಲ್ಲಿನ ಪತ್ರಿಕೆಗೆ ಒಂದು ಕಾಗದ ಬರೆದರು. ಅದನ್ನು ಓದಿ ಪರಿಚಯ ಮಾಡಿಕೊಂಡವನು ಹೆನ್ರಿ ಪೋಲಕ್, ‘ಕ್ರಿಟಿಕ್’ ಪತ್ರಿಕೆಯ ಉಪಸಂಪಾದಕ. ಸಸ್ಯಾಹಾರಿ ಖಾನಾವಳಿಯಲ್ಲಿ ದಿನವೂ ಕಾಣುತ್ತಿದ್ದ ಗಾಂಧಿ ಊಟಕ್ಕೆ ಬಾರದ್ದನ್ನು ಕಂಡು ಗಾಬರಿಯಾಗಿ ಬೆಳಗ್ಗೆ ಬಾಗಿಲು ತಟ್ಟಿದವನು ಆಲ್ಬರ್ಟ್ ವೆಸ್ಟ್, ಮುದ್ರಣದ ಕೆಲಸ ಬಲ್ಲವನು. ರೋಗಿಗಳ ಸೇವೆ ಮಾಡುತ್ತೇನೆ ಎಂದ. ಅದು ಬೇಡ, ಮದನಜಿತ್ ಇಲ್ಲಿ ಸಿಕ್ಕಿಕೊಂಡಿದ್ದಾರೆ, ಡರ್ಬನ್ನಿಗೆ ಹೋಗಿ ಮುದ್ರಣಾಲಯ ನೋಡಿಕೋ ಎಂದರು ಗಾಂಧಿ. ತಿಂಗಳಿಗೆ 10 ಪೌಂಡ್ ಸಂಬಳ, ಲಾಭ ಬಂದರೆ ಅದರಲ್ಲಿ ಪಾಲು. ವೆಸ್ಟ್ ಮರುದಿನವೇ ರೈಲು ಹತ್ತಿದ. ಹೋಗಿ ಖಾತೆ ತೆರೆದು ನೋಡಿದರೆ ಲಾಭದ ಮಾತಿರಲಿ, ಲೆಕ್ಕವೇ ನೆಟ್ಟಗಿಲ್ಲ, ಬಾಕಿ ಮಾತ್ರ ಬೆಟ್ಟದಷ್ಟು. ಪತ್ರಿಕೆ ನಡೆಸಿದವರಿಗೆ ಇದು ಹೊಸ ಸುದ್ದಿಯೇನಲ್ಲ. ಒಂದು ಕಾಲದಲ್ಲಿ ಗಾಂಧಿ ತಮ್ಮ ವಕೀಲಿಯ ಗಳಿಕೆಯಿಂದ ತಿಂಗಳಿಗೆ 75 ಪೌಂಡ್ ಇದಕ್ಕೆ ಸುರಿಯುತ್ತಿದ್ದರು.

ಲೆಕ್ಕ ಸರಿಪಡಿಸಲು ಹೊರಟ ಗಾಂಧಿ ರೈಲಿನಲ್ಲಿ, ಕೈದುಡಿಮೆಯ ಬದುಕನ್ನು ಎತ್ತಿಹಿಡಿಯುವ ಇಂಗ್ಲಿಷ್ ಲೇಖಕ ರಸ್ಕಿನ್ನನ ಪುಸ್ತಕ ಓದಿದ್ದು, ಡರ್ಬನ್ನಿನಿಂದ 14 ಮೈಲು ದೂರದ ಫೀನಿಕ್ಸ್‌ನಲ್ಲಿ 100 ಎಕರೆ ಜಮೀನು ಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಮುದ್ರಣಾಲಯವನ್ನು ಕಾಡಿಗೆ ಒಯ್ಯುವುದು ಮೂರ್ಖತನ ಎಂದು ಮದನಜಿತ್ ಖಡಾಖಂಡಿತವಾಗಿ ಹೇಳಿದರು. ವ್ಯವಹಾರದ ಕಣ್ಣಿನಿಂದ ನೋಡಿದರೆ ಅವರ ಮಾತು ತಪ್ಪಾಗಿರಲಿಲ್ಲ. ಆದರೂ 75 ಅಡಿ ಉದ್ದ, 50 ಅಡಿ ಅಗಲದ ತಗಡಿನ ಶೆಡ್ ಎದ್ದಿತು. ಮೊದಲ ರಾತ್ರಿ ಎಣ್ಣೆಯ ಇಂಜಿನ್ ಕೈಕೊಟ್ಟಿತು. ಇಂಜಿನಿಯರ್ ಎಷ್ಟು ತಿಣುಕಿದರೂ ಹೊತ್ತಿಕೊಳ್ಳಲಿಲ್ಲ. ಹೀಗಾಗಬಹುದೆಂದು ಮೊದಲೇ ಒಂದು ಕೈಚಕ್ರ ಇಟ್ಟಿದ್ದರು, ಆದರೆ ಅದನ್ನು ತಿರುಗಿಸಲು ನಾಲ್ಕು ಜನ ಬೇಕು. ಮನೆ ಕಟ್ಟಲು ಬಂದಿದ್ದ ಬಡಗಿಗಳು ಅಲ್ಲೇ ನೆಲದ ಮೇಲೆ ಮಲಗಿದ್ದರು. ಅವರನ್ನು ಎಬ್ಬಿಸಿದರು. ಬಡಗಿಗಳು, ಅಚ್ಚಿನ ಮೊಳೆ ಜೋಡಿಸುವವರು, ಬ್ಯಾರಿಸ್ಟರ್ ಗಾಂಧಿ ಎಲ್ಲರೂ ಸರದಿಯ ಮೇಲೆ ಚಕ್ರಕ್ಕೆ ಕೈ ಹಾಕಿದರು. ವೆಸ್ಟ್ ಹಾಡು ಹೇಳಿದ. ಬೆಳಗ್ಗೆ 7 ಗಂಟೆಯಾದರೂ ಕೆಲಸ ಮುಗಿಯಲಿಲ್ಲ. ಇಂಜಿನಿಯರನನ್ನು ಎಬ್ಬಿಸಿ ಇನ್ನೊಮ್ಮೆ ಮುಟ್ಟಿಸಿದರೆ ಇಂಜಿನ್ ಏನೂ ಆಗಿಲ್ಲವೆಂಬಂತೆ ಗುಡುಗುಟ್ಟಿತು! ಕಟ್ಟುಗಳು ಹೊತ್ತಿಗೆ ಸರಿಯಾಗಿ ಸ್ಟೇಷನ್ ತಲುಪಿದವು.

ಅಷ್ಟು ಕಷ್ಟಪಟ್ಟು ಕಳುಹಿಸಿದ ಪತ್ರಿಕೆಯನ್ನು ಜನ ಹೇಗೆ ಓದುತ್ತಿದ್ದರು? ಜೋಹಾನ್ಸ್‌ಬರ್ಗಿಗೆ ಅದು ಭಾನುವಾರ ತಲುಪುತ್ತಿತ್ತು. ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕುಳಿತು ಕೇಳುವುದು. ಚಂದಾ ಕೊಡಲು ಆಗದವರು ಪಾಲು ಹಾಕಿ ತರಿಸುತ್ತಿದ್ದರು. ಭಾರತೀಯರ ಹಕ್ಕಿಗಾಗಿ ಗಾಂಧಿ ಅಲ್ಲಿ ನಡೆಸಿದ ಸತ್ಯಾಗ್ರಹ ಚಳವಳಿ ಬಿಸಿಯಾಗಿದ್ದಾಗ ಚಂದಾದಾರರು 3500ರವರೆಗೆ ಏರಿದ್ದುಂಟು. ಅದರಲ್ಲಿ ಇರುತ್ತಿದ್ದುದು ಬರೀ ಘೋಷಣೆಗಳಲ್ಲ. ಹೊಸ ಕಾಯ್ದೆ ಏನು ಹೇಳುತ್ತದೆ, ಪರವಾನಗಿ ಅರ್ಜಿಗೆ ಏನು ಬೇಕು, ಯಾರ ಅಂಗಡಿಗೆ ಲೈಸೆನ್ಸ್ ನಿರಾಕರಿಸಿದರು, ಯಾರು ಜೈಲಿಗೆ ಹೋದರು ಎಂಬಂಥ ಪುಟಗಳೇ ಹೆಚ್ಚು. ಇವತ್ತು ತೆಗೆದು ನೋಡಿದರೆ ಬೇಸರ ಬರಿಸುವ ಪುಟಗಳು. ಆದರೆ ಪರದೇಶದಲ್ಲಿ ಕಾಗದದ ತುಂಡೊಂದರ ಮೇಲೆ ಬದುಕು ನಿಂತವನಿಗೆ ಅಗ್ರಲೇಖನಕ್ಕಿಂತ ಆ ಪುಟವೇ ಮುಖ್ಯ. ವಲಸಿಗರ ಪತ್ರಕರ್ತನನ್ನು ಅಳೆಯಬೇಕಾದದ್ದು ಆ ಬೇಸರದ ಪುಟದಿಂದ ಎಂಬುದೇ ನನ್ನ ಇವತ್ತಿನ ವಾದ.

ಪೋಲಕ್ ಮುಂದೆ ಸಂಪಾದಕನಾದ. 1909ರಲ್ಲಿ ಭಾರತಕ್ಕೆ ಬಂದು ಊರೂರಿನಲ್ಲಿ ಸಭೆ ನಡೆಸಿದ, ಕಿರುಹೊತ್ತಗೆ ಬರೆದ. 1910ರಲ್ಲಿ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ನಟಾಲಿಗೆ ಕೂಲಿಗಳನ್ನು ಕಳುಹಿಸುವುದರ ವಿರುದ್ಧ ನಿರ್ಣಯ ಮಂಡಿಸಿದರು. 1911ರ ಜುಲೈ ತಿಂಗಳಿನಿಂದ ಅದು ನಿಂತಿತು. ಪ್ರಚಾರ ಎಂಬ ಕೆಲಸಕ್ಕೆ ಇಂದು ಹತ್ತಿರುವ ಕೆಟ್ಟ ವಾಸನೆ ಪೋಲಕನ ಕೆಲಸಕ್ಕೆ ಇರಲಿಲ್ಲ.

ಈಗ ಎಡವಿದ ಜಾಗಕ್ಕೆ ಬರುತ್ತೇನೆ. ನಾಜರರು ತೀರಿಕೊಂಡ ಕೆಲವೇ ದಿನಗಳಲ್ಲಿ ಪತ್ರಿಕೆಯ ತಮಿಳು, ಹಿಂದಿ ವಿಭಾಗಗಳು ಮುಚ್ಚಿದವು. ಬರೆಯುವವರಿಲ್ಲ, ಮೊಳೆ ಜೋಡಿಸುವವರಿಲ್ಲ. ಅವು ಹೆಸರಿಗಷ್ಟೇ ಇದ್ದವು, ಮುಂದುವರಿಸಿದ್ದರೆ ಓದುಗರಿಗೆ ಮೋಸ ಮಾಡಿದಂತಾಗುತ್ತಿತ್ತು ಎಂಬರ್ಥದಲ್ಲಿ ಗಾಂಧಿಯೇ ಬರೆದಿದ್ದಾರೆ. ಪ್ರಾಮಾಣಿಕ ಮಾತು, ಒಪ್ಪೋಣ. ಆದರೆ ಕಬ್ಬು ಕಡಿಯುವವರು ಮಾತನಾಡುತ್ತಿದ್ದುದು ತಮಿಳು, ತೆಲುಗು, ಹಿಂದಿ. ಉಳಿದದ್ದು ಅಂಗಡಿಯವರ ಗುಜರಾತಿ, ಸರ್ಕಾರದ ಇಂಗ್ಲಿಷ್.

ಆ ಖಾಲಿ ಜಾಗದಲ್ಲಿ ನಿಂತವರು ಪಿ. ಎಸ್. ಅಯ್ಯರ್. 1908ರಲ್ಲಿ ಡರ್ಬನ್ನಿನಲ್ಲಿ ‘ಆಫ್ರಿಕನ್ ಕ್ರಾನಿಕಲ್’ ಶುರು ಮಾಡಿದರು, ಇಂಗ್ಲಿಷ್ ಮತ್ತು ತಮಿಳಿನಲ್ಲಿ. ಜಗಳಗಂಟ ಮನುಷ್ಯ, ಗಾಂಧಿಯವರನ್ನೂ ಬಿಟ್ಟವರಲ್ಲ. ಅವರು ಹಿಡಿದು ಕುಳಿತದ್ದು ಮೂರು ಪೌಂಡಿನ ತಲೆಗಂದಾಯವನ್ನು. ಕರಾರು ಮುಗಿಸಿದ ಕೂಲಿಯವನು ಮತ್ತೆ ಕರಾರಿಗೆ ಸಹಿ ಹಾಕದೆ, ಊರಿಗೂ ಮರಳದೆ ಸ್ವತಂತ್ರವಾಗಿ ಉಳಿದರೆ ವರ್ಷಕ್ಕೆ ಮೂರು ಪೌಂಡ್ ಕಟ್ಟಬೇಕೆಂದು 1895ರ ಕಾಯ್ದೆ. ಹೊಸದಾಗಿ ಬಂದ ಕೂಲಿಗೆ ತಿಂಗಳಿಗೆ ಸಿಗುತ್ತಿದ್ದುದು 10 ಷಿಲ್ಲಿಂಗ್, ಅರ್ಧ ಪೌಂಡ್. ಅಂದರೆ ಅಂಥ ಆರು ತಿಂಗಳ ಕೂಲಿ ಕಂದಾಯಕ್ಕೆ. ಗಾಂಧಿಯವರ ಹೋರಾಟದ ಬೇಡಿಕೆಯಾಗಿ ಈ ಕಂದಾಯ ಬಂದದ್ದು 1913ರಲ್ಲಿ. ಆಗಲೇ ನ್ಯೂಕ್ಯಾಸಲ್ಲಿನ ಕಲ್ಲಿದ್ದಲು ಗಣಿಗಳು ನಿಂತವು, ಸಾವಿರಾರು ಕೂಲಿಗಳು ನೆರೆಯ ಟ್ರಾನ್ಸ್‌ವಾಲ್ ಪ್ರಾಂತದ ಗಡಿಯತ್ತ ನಡೆದರು, 1914ರಲ್ಲಿ ಕಂದಾಯ ರದ್ದಾಯಿತು. ಅಯ್ಯರ್ ಅದಕ್ಕೂ ಮೊದಲೇ ವರ್ಷಗಟ್ಟಲೆ ಅದನ್ನೇ ಬರೆಯುತ್ತಿದ್ದರು. ಗೆಲುವಿನ ಕಥೆಯಲ್ಲಿ ಅವರ ಹೆಸರನ್ನು ನೀವು ಎಷ್ಟು ಸಲ ಕೇಳಿದ್ದೀರಿ?

ಇದನ್ನೆಲ್ಲ ಬೆಳಗಾವಿಯಲ್ಲಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಕಬ್ಬು ನಮ್ಮಲ್ಲೂ ಇದೆ. ವಿಜಯಪುರ, ಬಾಗಲಕೋಟೆಯ ಜನ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ ಎಂದು ನಾವು ವರದಿ ಬರೆಯುತ್ತೇವೆ, ಬರೆಯಲೇಬೇಕು. ಆದರೆ ಹಂಗಾಮು ಶುರುವಾದಾಗ ಬೀಡ್ ಕಡೆಯಿಂದ ಗಂಡಹೆಂಡತಿ ಜೋಡಿಯಾಗಿ ನಮ್ಮ ಜಿಲ್ಲೆಯ ಕಬ್ಬಿನ ಗದ್ದೆಗೆ ಗುಳೆ ಬರುವವರೂ ಇದ್ದಾರೆ. ಕೂಲಿಗಳನ್ನು ಒದಗಿಸುವ ಗುತ್ತಿಗೆದಾರ ಮುಕಾದಮನಿಂದ ಮುಂಗಡ ಪಡೆದು, ಆ ಸಾಲ ತೀರುವವರೆಗೆ ಕಡಿಯುವವರು. ಅವರ ಮಾತು ಮರಾಠಿ. ಈ ಊರಿನಲ್ಲಿ ಆ ಭಾಷೆಯ ಹೆಸರೆತ್ತಿದರೆ ನಮಗೆ ಗಡಿ ನೆನಪಾಗುತ್ತದೆ, ಕಬ್ಬು ಕಡಿಯುವವಳು ನೆನಪಾಗುವುದಿಲ್ಲ.

ನಿಮ್ಮ ಪ್ರಾಯೋಗಿಕ ಪತ್ರಿಕೆಗೆ ವಿಷಯ ಹುಡುಕುತ್ತಿದ್ದೀರಿ ಎಂದು ನಿಮ್ಮ ಮೇಷ್ಟ್ರು ಹೇಳಿದರು. ಮುಂದಿನ ಹಂಗಾಮಿಗೆ ಎರಡು ಪುಟದ ಒಂದು ಹಾಳೆ ತನ್ನಿ, ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಟನ್ನಿಗೆ ಕಡಿತದ ದರ ಎಷ್ಟು, ಮುಂಗಡದ ಲೆಕ್ಕವನ್ನು ಯಾವ ಚೀಟಿಯಲ್ಲಿ ಬರೆಸಿಕೊಳ್ಳಬೇಕು, ಮಗುವನ್ನು ಯಾವ ಶಾಲೆಗೆ ಕೂಡಿಸಬಹುದು, ಹಾವು ಕಚ್ಚಿದರೆ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಇಷ್ಟೇ ಇರಲಿ. ಅಗ್ರಲೇಖನ ಬೇಡ. ಕಚೇರಿಯಲ್ಲಿ ಕುಳಿತು ಬರೆಯಲು ಆಗದ ಹಾಳೆ ಇದು. ದರ ಕೇಳಲು ಗದ್ದೆಗೆ ಹೋಗಬೇಕು, ಮರಾಠಿಯ ಕರಡು ತಿದ್ದಲು ಆ ಭಾಷೆ ಬಲ್ಲ ಗೆಳೆಯ ಬೇಕು. ನಿಮ್ಮ ತರಗತಿಯಲ್ಲಿ ಅಂಥವರು ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ. ಅವರಿಂದಲೇ ಪ್ರಶ್ನೆಗಳು ಶುರುವಾಗಲಿ.